ನೆರಳಿಗೆ ಹಾಕಿದ ರುಜು

ಅಗೆದು ನೋಡಬಾರದು ಎಂದು ಗೆಡ್ಡೆ ಕೊಟ್ಟ ಅಜ್ಜಿ ಹೇಳಿದ್ದಳು. ಒಂದು ಸಲವಲ್ಲ, ಮೂರು ಸಲ. ಮೂರನೆಯ ಸಲ ಹೇಳುವಾಗ ರಿಪೇರಿಗೆ ಕೊಟ್ಟ ಅವಳ ಹಲ್ಲಿನ ಸೆಟ್ಟು ಅವನ ಕೈಯಲ್ಲೇ ಇದ್ದುದರಿಂದ ಮಾತು ಅರ್ಧ ಗಾಳಿಯಾಗಿ ಹೊರಬಂದಿತ್ತು, ಆದರೂ ಅರ್ಥವಾಗಿತ್ತು. ಅರ್ಥವಾಗಿದ್ದೂ ಅವನು ಈ ಬೆಳಿಗ್ಗೆ, ಇನ್ನೂ ಮುಖಕ್ಕೆ ನೀರು ಹಾಕಿಕೊಳ್ಳದೆ, ಮೇಣ ಕೆರೆಯುವ ಸಣ್ಣ ಚಾಕು ಹಿಡಿದುಕೊಂಡು ಹಿತ್ತಲಿನ ಬರಿ ಮಣ್ಣಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಮಣ್ಣಿನ ಕೆಳಗೆ ನೆಲಸಂಪಿಗೆಯ ಗೆಡ್ಡೆಗಳಿದ್ದವು, ಅಥವಾ ಇದ್ದವೆಂದು ಅವನು ನಂಬಿದ್ದ. ಚಳಿ ಶುರುವಾದಾಗ ಎಲೆಗಳು ಹಳದಿಯಾಗಿ, ಒಂದೊಂದಾಗಿ ನೆಲಕ್ಕೊರಗಿ, ಕಾಗದದಂತೆ ಒಣಗಿಹೋದ ಮೇಲೆ ಅಲ್ಲಿ ಏನೂ ಉಳಿದಿರಲಿಲ್ಲ. ಅದು ಹಾಗೇನೇ, ಸತ್ತ ಹಾಗೆ ಮಲಗತ್ತೆ, ಏಳುವಾಗ ಎಲೆಗಿಂತ ಮೊದಲು ಹೂವೇ ನೆಲ ಒಡೆದುಕೊಂಡು ಬರತ್ತೆ ಎಂದಿದ್ದಳು ಅಜ್ಜಿ. ಐದು ತಿಂಗಳಾಗಿತ್ತು. ಮಲಗಿದ್ದಕ್ಕೂ ಸತ್ತದ್ದಕ್ಕೂ ಮೇಲಿನಿಂದ ನೋಡುವವನಿಗೆ ವ್ಯತ್ಯಾಸ ತಿಳಿಯುವುದಿಲ್ಲ ಎಂಬುದೇ ಅವನ ಕಷ್ಟ. ಒಂದು ಬೆರಳು, ಒಂದೇ ಒಂದು ಬೆರಳಿನಷ್ಟು ಕೆದಕಿ ನೋಡಿದರೆ ಏನಾದೀತು? ಚಾಕುವಿನ ತುದಿ ಮಣ್ಣಿಗೆ ತಾಗಿತು. ಹೋದ ವರ್ಷವೂ ಹೀಗೆಯೇ ತಾಗಿತ್ತು. ಅವನು ಚಾಕುವನ್ನು ಹಿಂದಕ್ಕೆಳೆದು, ಅಂಗಿಯ ಅಂಚಿಗೆ ಒರೆಸಿ ಜೇಬಿಗೆ ಹಾಕಿಕೊಂಡ. ಇಲ್ಲ. ಈ ಸಲ ಇಲ್ಲ.

ಅವನ ಕೆಲಸ ಹಲ್ಲು ಕಟ್ಟುವುದು. ಬಾಯಿಗೆ ಕೂರಿಸುವವರು ಮುಂದಿನ ಕೋಣೆಯ ಡಾಕ್ಟರು; ಹಿಂದಿನ ಕೋಣೆಯಲ್ಲಿ ಕೂತು, ಅವರು ತೆಗೆದುಕೊಟ್ಟ ಅಚ್ಚಿಗೆ ಪ್ಲಾಸ್ಟರ್ ಹೊಯ್ದು, ದವಡೆ ಎಬ್ಬಿಸಿ, ಮೇಣದಲ್ಲಿ ವಸಡು ಮಾಡಿ ಹಲ್ಲು ನೆಡುವವನು ಇವನು. ಇಪ್ಪತ್ತಾರು ವರ್ಷ ಇದನ್ನೇ ಮಾಡಿದ್ದ. ಕೇರಿಯವರಿಗೆ ಅವನು ಹಲ್ಲಣ್ಣ. ಡಾಕ್ಟರಿಗೆ ಮಾತ್ರ ಮೇಸ್ತ್ರಿ. "ಮೇಸ್ತ್ರಿ, ಈಯಮ್ಮಂಗೆ ಎಡಗಡೆ ಒತ್ತತ್ತಂತೆ, ಸ್ವಲ್ಪ ಕೆರೆದುಕೊಡಿ," ಎಂದು ಅವರು ಬಾಗಿಲ ಸಂದಿಯಿಂದ ಕೂಗಿದಾಗಲೆಲ್ಲ ಕುರ್ಚಿಯಲ್ಲಿ ಬಾಯಿ ತೆರೆದು ಕೂತವರು ಕೂಡ ನಗಲು ನೋಡುತ್ತಿದ್ದರು, ಅವನೂ ನಗುತ್ತಿದ್ದ. ನಗಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಕೆಲಸ ಮುಗಿದು ಎಸೆಯಲಿಟ್ಟ ಹಳೆಯ ದವಡೆಯ ಅಚ್ಚುಗಳನ್ನು ಚೀಲದಲ್ಲಿ ತುಂಬಿ ತಂದು ಅವನು ಈ ಪಾತಿಯ ಸುತ್ತ ಅಂಚು ಕಟ್ಟಿದ್ದ. ಕಲ್ಲಿನ ಹಾಗೆ ಗಟ್ಟಿಯಾದ ಬಿಳಿ ದವಡೆಗಳು, ಕೆಲವಕ್ಕೆ ಎರಡು ಹಲ್ಲು, ಕೆಲವಕ್ಕೆ ಒಂದೂ ಇಲ್ಲ. ಹೆಂಡತಿ ಮೊದಲ ದಿನ ನೋಡಿ, "ಇದೇನ್ರೀ, ಊರಿನವರನ್ನೆಲ್ಲ ಬಾಯಿ ತೆಗೆಸಿ ಕೂರಿಸಿದೀರಲ್ಲ, ಇವರಿಗೆಲ್ಲ ಊಟ ಯಾರು ಹಾಕ್ತಾರೆ?" ಎಂದಿದ್ದಳು. ಅವಳು ಹಾಗೆ ತಮಾಷೆ ಮಾಡಿ ಎಷ್ಟು ಕಾಲವಾಗಿತ್ತೆಂದು ಅವನು ಆಮೇಲೆ ಲೆಕ್ಕ ಹಾಕಲು ಹೋಗಿ, ಬೇಡವೆಂದು ಬಿಟ್ಟಿದ್ದ.

ಈ ಜಾಗದಲ್ಲಿ ಮೊದಲು ಅವಳ ಗುಲಾಬಿ, ಸೇವಂತಿಗೆಗಳಿದ್ದವು. ಬೆಳಿಗ್ಗೆ ಎಂಟಕ್ಕೆಲ್ಲ ಬಿಸಿಲು ಪಕ್ಕದ ತಮ್ಮನ ಮನೆಯ ಸೂರು ದಾಟಿ ಹಿತ್ತಲಿಗೆ ಇಳಿದು, ಅಲ್ಲಿಂದ ಕಿಟಕಿ ಹತ್ತಿ, ಅವಳ ಹೊಲಿಗೆ ಯಂತ್ರದ ಮೇಲೆ ಬೆಕ್ಕಿನ ಹಾಗೆ ಬಂದು ಮಲಗುತ್ತಿತ್ತು. ಮೂರು ವರ್ಷದ ಹಿಂದೆ ತಮ್ಮ ತನ್ನ ಮನೆಯ ಮೇಲೆ ಇನ್ನೊಂದು ಮಹಡಿ ಎಬ್ಬಿಸಿದ. ಅದು ಸಾಲದೆಂದು ತಾರಸಿಯ ಈ ಬದಿಗೆ ಆಳೆತ್ತರದ ಕಬ್ಬಿಣದ ಚೌಕಟ್ಟು ನಿಲ್ಲಿಸಿ ತಗಡು ಹೊಡೆಸಿದ. ಬಿಸಿಲು ನಿಂತುಹೋಯಿತು. ಗುಲಾಬಿ ಒಂದು ವರ್ಷ ಉಸಿರು ಹಿಡಿದು ನಿಂತು, ಎಲೆಯ ಮೇಲೆ ಬೂದಿ ಹಿಡಿಸಿಕೊಂಡು ಹೋಯಿತು. ಸೇವಂತಿಗೆ ಅಷ್ಟು ದಿನವೂ ತಡೆಯಲಿಲ್ಲ. ಹೆಂಡತಿ ಒಣಗಿದ ಕಡ್ಡಿಗಳನ್ನು ಕಿತ್ತು ಗೋಡೆಗೊರಗಿಸಿದ ದಿನ ಅವನು ಒಳಗೆ ಕೂತು ಪತ್ರಿಕೆಯ ಒಂದೇ ಸಾಲನ್ನು ಹತ್ತು ಸಲ ಓದಿದ್ದ. ಆ ವಾರವೇ ಕ್ಲಿನಿಕ್ಕಿಗೆ ಸೆಟ್ಟು ಸಡಿಲವಾಯಿತೆಂದು ಬಂದ ಅಜ್ಜಿಯ ಬಳಿ ಅವನು, ಯಾಕೋ, ಹಿತ್ತಲಿನ ಮಾತೆತ್ತಿದ್ದು. "ನೆರಳನ್ನ ಬೈದರೆ ಬಿಸಿಲು ಬರತ್ತೇನಪ್ಪ? ನೆರಳಲ್ಲಿ ಬದುಕೋದನ್ನ ನೆಡು," ಎಂದು ಅವಳು ಮುಂದಿನ ಸಲ ಕಾಗದದಲ್ಲಿ ಸುತ್ತಿ ಒಂದು ಗೆಡ್ಡೆ ತಂದುಕೊಟ್ಟಳು. ಅದರ ಬುಡದಿಂದ ದಾರದಂಥ ಬೇರುಗಳು ಇಳಿದು, ಒಂದೊಂದರ ತುದಿಗೂ ಗೋಲಿಯಷ್ಟು ದೊಡ್ಡ ಗುಂಡು ನೇತಾಡುತ್ತಿತ್ತು. ಆ ವರ್ಷ ಎಲೆ ಚೆನ್ನಾಗಿ ಬಂತು, ಮೇಲೆ ಹಸಿರು, ಬೆನ್ನಿಗೆ ನೇರಳೆ. ಚಳಿಗೆ ಮಲಗಿತು. ಮಲಗಿದ್ದಕ್ಕೆ ನೀರು ಹಾಕಬೇಡ ಎಂಬ ಮಾತನ್ನು ಅವನು ನಂಬದೆ, ಬಾಯಾರೀತೆಂದು ದಿನಾ ಒಂದು ಚೊಂಬು ಹೊಯ್ದ. ಮೇಲಿನ ತಾರಸಿಯ ಕೊಳವೆಯಿಂದಲೂ ನೀರು ಅಲ್ಲಿಗೇ ಸೋರುತ್ತಿತ್ತು. ತಾಳಲಾರದೆ ಒಂದು ದಿನ ಅಗೆದಾಗ ಕೈಗೆ ಬಂದದ್ದು ಕೊಳೆತ ಲೋಳೆ, ಅದರ ವಾಸನೆ. ಮತ್ತೆ ಅಜ್ಜಿಯ ಮನೆ ಬಾಗಿಲಿಗೆ ಹೋಗಿ, ಕೊಂದುಬಿಟ್ಟೆ ಎಂದು ಹೇಳಿ, ಇನ್ನೆರಡು ಗೆಡ್ಡೆ ಬೇಡಿದ. ಅವಳು ಬೊಚ್ಚು ಬಾಯಿ ತೆರೆದು ನಕ್ಕಳು. ಆ ನಗು ಮೇಸ್ತ್ರಿ ಎಂಬ ಕೂಗಿನ ಹಾಗೆ ಚುಚ್ಚಲಿಲ್ಲ. ಅವನು ಈ ಸಲ ಕೊಳವೆಯನ್ನು ಬೇರೆ ಕಡೆ ತಿರುಗಿಸಿದ, ಮೊಣಕಾಲಿನಷ್ಟು ಆಳ ತೋಡಿ, ಮರಳು ಬೆರೆಸಿ, ರಸ್ತೆಯ ಮರಗಳ ಎಲೆ ಗುಡಿಸಿ ತಂದು ಕೊಳೆಸಿ ಹಾಕಿದ. ಹೂ ಬರಿಸಿಯೇ ತೀರುತ್ತೇನೆ ಎಂದು ಯಾರಿಗೂ ಹೇಳಲಿಲ್ಲ. ಹಲ್ಲು ಕಚ್ಚಿ ಹಿಡಿದ ಹಾಗೆ ಹಿಡಿದುಕೊಂಡ.

ಒಳಗೆ ಹೊಲಿಗೆ ಯಂತ್ರದ ಸದ್ದಿರಲಿಲ್ಲ. ಈ ಹೊತ್ತಿಗೆ ಅದು ಇರಬೇಕಿತ್ತು. ಅವನು ಎದ್ದು ಒಳಗೆ ಬಂದಾಗ ಹೆಂಡತಿ ಹೊರಗೆ ಹೋಗುವ ಬಟ್ಟೆ ಉಟ್ಟು, ಕೈಚೀಲದಲ್ಲಿ ಏನೋ ಕಾಗದ ಮಡಚಿ ಇಡುತ್ತಿದ್ದಳು. ಯಂತ್ರದ ಮೇಲೆ ನಿನ್ನೆ ವಾಪಸು ಬಂದ ಕೋಟು ಹಾಗೇ ಬಿದ್ದಿತ್ತು. ಕಡುನೀಲಿ ಕೋಟು. ಅದರ ತೋಳಿಗೆ ಅವಳು ಕಪ್ಪು ದಾರ ಹಾಕಿ ಹೊಲಿದಿದ್ದಳು. ಕೋಟಿನ ಒಡತಿ, ಹತ್ತು ವರ್ಷದಿಂದ ಬರುತ್ತಿದ್ದ ಬ್ಯಾಂಕಿನ ಮೇಡಂ, ಅದನ್ನು ಬೀದಿಯ ಬೆಳಕಿಗೆ ಹಿಡಿದು ತೋರಿಸಿ, ಜೋರು ಮಾಡದೆ, ಪ್ರೀತಿಯಿಂದಲೇ ಹೇಳಿದ್ದರು: "ಪರವಾಗಿಲ್ಲ ಬಿಡಿ. ನಿಮಗೂ ವಯಸ್ಸಾಯ್ತಲ್ಲ." ಅವನು ಆಗ ಬಾಗಿಲಲ್ಲೇ ಚಪ್ಪಲಿ ಬಿಚ್ಚುತ್ತಿದ್ದ. ಹೆಂಡತಿ ಕಿಟಕಿಯ ಕಡೆ, ಅದರಾಚೆಯ ಬೂದು ಗೋಡೆಯ ಕಡೆ ನೋಡಿದ್ದನ್ನು ಅವನು ನೋಡಿದ. ಹಗಲಲ್ಲೂ ಉರಿಯುವ ಟ್ಯೂಬ್‌ಲೈಟಿನ ಕೆಳಗೆ ನೀಲಿಯೂ ಕಪ್ಪೂ ಒಂದೇ ಎಂಬುದನ್ನು ಅವಳು ಮೇಡಂಗೆ ಹೇಳಲಿಲ್ಲ. ಹೇಳಿದರೆ ನೆವ ಹೇಳಿದ ಹಾಗಾಗುತ್ತಿತ್ತು.

"ಎಲ್ಲಿಗೆ?" ಎಂದ.

"ಪುರಸಭೆ ಆಫೀಸಿಗೆ. ಅರ್ಜಿ ಬರೆದಿದೀನಿ. ಪಕ್ಕದ ಮನೆಯವರನ್ನ ಒಂದು ಮಾತು ಕೇಳದೆ ಮಹಡಿ ಕಟ್ಟೋಕೆ ಯಾರು ಬಿಟ್ಟರು ಅಂತ ಕೇಳ್ತೀನಿ. ಮೂರು ವರ್ಷ ಸುಮ್ಮನಿದ್ದಿದ್ದೇ ತಪ್ಪು."

"ಹೂಂ," ಎಂದ ಅವನು.

ಅದು ಅವನ ಬಾಯಿಂದ ತಾನಾಗಿ ಬಂತು. ಮೂರು ವರ್ಷದಿಂದ ಹೀಗೇ ಬರುತ್ತಿತ್ತು. ನಮ್ಮನ್ನ ಒಂದು ಮಾತು ಕೇಳಬಾರದಿತ್ತಾ ಎಂದು ಅವಳು ಗುಲಾಬಿಯ ಕಡ್ಡಿ ಕೀಳುವಾಗ ಕೇಳಿದ್ದಳು, ಹೂಂ ಎಂದಿದ್ದ. ನಿಮ್ಮ ತಮ್ಮನಿಗೆ ಮನುಷ್ಯತ್ವ ಇದೆಯಾ ಎಂದಿದ್ದಳು, ಅದಕ್ಕೂ ಹೂಂ. ಆದರೆ ತಮ್ಮ ಕೇಳಿದ್ದ. ಕ್ಲಿನಿಕ್ಕಿಗೇ ಬಂದಿದ್ದ, ಒಂದು ಮಧ್ಯಾಹ್ನ, ಕಾಗದ ಹಿಡಿದು. ಅಣ್ಣನ ಕೈಯಲ್ಲಿ ಬಿಸಿ ಮೇಣವಿತ್ತು. ಡಾಕ್ಟರು ಬಾಗಿಲಲ್ಲಿ ನಿಂತು ಯಾರಿದು ಎಂಬಂತೆ ನೋಡಿದಾಗ ತಮ್ಮ ಕೈಮುಗಿದು, "ನಾನು ಇವರ ತಮ್ಮ ಸಾರ್. ನಮ್ಮನೇಲಿ ಅಣ್ಣನ ಒಪ್ಪಿಗೆ ಇಲ್ಲದೆ ಒಂದು ಇಟ್ಟಿಗೆ ಇಡಲ್ಲ ನಾವು. ಅಣ್ಣ ಅಂದ್ರೆ ಅಪ್ಪ ಇದ್ದ ಹಾಗೆ," ಎಂದ. ಡಾಕ್ಟರ ಹುಬ್ಬು ಮೇಲೇರಿತು. "ಓಹೋ, ಮೇಸ್ತ್ರಿ ದೊಡ್ಡ ಮನುಷ್ಯರು," ಎಂದರು, ಮತ್ತು ಆ ಒಂದು ಸಲ ಆ ಮಾತಿನಲ್ಲಿ ನಗೆ ಇರಲಿಲ್ಲ, ಅಥವಾ ಇರಲಿಲ್ಲವೆಂದು ಅವನಿಗನ್ನಿಸಿತು. ಅವನು ಕಾಗದವನ್ನು ಓದಿದ. ಇನ್ನೊಂದು ಮಹಡಿಗೆ ನೆರೆಯವನಾಗಿ ನನ್ನ ಆಕ್ಷೇಪವಿಲ್ಲ. ಓದುವಾಗ ಬಿಸಿಲು ನೆನಪಾಯಿತು, ಕಿಟಕಿ ನೆನಪಾಯಿತು. ಕನ್ನಡಕ ಸರಿ ಮಾಡಿಕೊಂಡು, ಮನೆಯಲ್ಲಿ ಒಂದು ಮಾತು ಕೇಳಿ ಹೇಳ್ತೀನಿ ಎನ್ನಬಹುದಿತ್ತು. ಆದರೆ ಮನೆಯಲ್ಲಿ ಕೇಳುವವನು ದೊಡ್ಡ ಮನುಷ್ಯ ಹೇಗಾದಾನು? ಎಡಗೈಯಲ್ಲಿ ಮೇಣ ಹಿಡಿದುಕೊಂಡೇ, ಬ್ಯಾಂಕಿನ ಅಧಿಕಾರಿಯ ಹಾಗೆ, ಉದ್ದಕ್ಕೆ ಬಾಲ ಎಳೆದು ರುಜು ಹಾಕಿದ. ಇಷ್ಟು ದಿನ ತಾನು ಅಂಜುಬುರುಕನಾದ್ದರಿಂದ ಹಾಕಿದೆ ಎಂದು ಮನಸ್ಸಿಗೆ ಹೇಳಿಕೊಂಡಿದ್ದ. ಅಂಜಿಕೆಗೆ ಕ್ಷಮೆ ಇರುತ್ತದೆ. ಈಗ, ಹೆಂಡತಿ ಚಪ್ಪಲಿ ಮೆಟ್ಟುವುದನ್ನು ನೋಡುತ್ತ, ಅವನಿಗೆ ತಿಳಿಯಿತು, ಹೊಸದಾಗಿಯಲ್ಲ, ಗೊತ್ತಿದ್ದದ್ದೇ ತಿಳಿಯಿತು: ಅಂಜಿರಲಿಲ್ಲ. ಖುಷಿಪಟ್ಟಿದ್ದ. ಅವಳ ಬಿಸಿಲನ್ನು ಎರಡು ನಿಮಿಷದ ಹೆಚ್ಚುಗಾರಿಕೆಗೆ ಕೊಟ್ಟಿದ್ದ.

ಮುಂದಾಗುವುದು ಅವನ ಕಣ್ಣಿಗೆ ಕಟ್ಟಿತು: ಆಫೀಸಿನಲ್ಲಿ ಗುಮಾಸ್ತ ಕಡತ ತೆಗೆದು ಅವಳ ಮುಂದೆ ಇಡುತ್ತಾನೆ. ಕೇಳಿಲ್ಲ ಅಂತೀರಲ್ಲಮ್ಮ, ಇದು ಯಾರ ರುಜು? ಅವಳು ಬಾಗಿ ನೋಡುತ್ತಾಳೆ. ಹಿಂದೆ ಸಾಲಿನಲ್ಲಿ ನಿಂತವರೂ ನೋಡುತ್ತಾರೆ. ಅಲ್ಲಿಂದ ಅವಳು ಒಬ್ಬಳೇ ನಡೆದು ಬರಬೇಕು.

"ನಿಲ್ಲು," ಎಂದ. "ಹೋಗಬೇಡ."

"ಯಾಕೆ? ತಮ್ಮನ ಮೇಲೆ ಪ್ರೀತಿ ಉಕ್ಕಿತಾ?"

"ಅವನು ಕೇಳಿದ್ದ. ನನ್ನ ಕೇಳಿದ್ದ. ನಾನು ರುಜು ಹಾಕಿಕೊಟ್ಟೆ."

ಅವಳು ಒಂದು ಕಾಲಿಗೆ ಚಪ್ಪಲಿ ಹಾಕಿದ್ದಳು; ಇನ್ನೊಂದನ್ನು ಹುಡುಕುತ್ತಿದ್ದ ಪಾದ ಹಾಗೇ ಗಾಳಿಯಲ್ಲಿ ನಿಂತಿತು. ಆಮೇಲೆ ನೆಲಕ್ಕೆ ಬಂತು.

"ಯಾವಾಗ?"

"ಕಟ್ಟೋ ಮೊದಲು. ಕ್ಲಿನಿಕ್ಕಿಗೆ ಬಂದಿದ್ದ."

"ಹೆದರಿಸಿದ್ನಾ?"

ಇಲ್ಲಿ ಒಂದು ಹೂಂ ಎಂದಿದ್ದರೆ ಸಾಕಿತ್ತು. ಅವನ ನಾಲಿಗೆಯ ತುದಿಗೆ ಬಂದಿತ್ತು ಕೂಡ. "ಇಲ್ಲ," ಎಂದ. "ಡಾಕ್ಟರ ಮುಂದೆ ನನ್ನ ದೊಡ್ಡವನು ಮಾಡಿದ. ನನಗೆ ಹಿತವಾಯ್ತು. ಹಾಕಿಬಿಟ್ಟೆ."

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಅವನು ತಲೆ ತಗ್ಗಿಸಿ ನಿಲ್ಲುತ್ತಿದ್ದ, ಅದು ಅವನಿಗೆ ಅಭ್ಯಾಸವಿದ್ದ ಕೆಲಸ. ಅವಳು ಚಪ್ಪಲಿ ಬಿಟ್ಟು ಒಳಗೆ ಬಂದು, ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕೂತು, ಕೋಟಿನ ತೋಳನ್ನು ತಿರುವಿ, ಕಪ್ಪು ದಾರದ ಒಂದು ಹೊಲಿಗೆಯನ್ನು ಬ್ಲೇಡಿನಿಂದ ಕಡಿದಳು. ಇನ್ನೊಂದು ಕಡಿದಳು. ಅವನು ಹಿತ್ತಲಿನ ಕಡೆ ಕೈ ತೋರಿಸಿ, ಬಾಯಿಗೆ ಬಂದದ್ದನ್ನು ಹೇಳಿದ, ಅದಕ್ಕೇ ಅಲ್ಲಿ ಇದನ್ನೆಲ್ಲ ನೆಟ್ಟದ್ದು, ಬಿಸಿಲಿಲ್ಲದಿದ್ದರೂ ನಿನಗೊಂದು ಹೂವು ಇರಲಿ ಅಂತ.

"ನಾನು ಹೂ ಕೇಳಿದ್ನಾ?" ಎಂದಳು, ತಲೆಯೆತ್ತದೆ. "ಜೀವಮಾನ ಪೂರ್ತಿ ಸಿಕ್ಕಿದವರಿಗೆಲ್ಲ ಹೂಂ ಅಂದ್ರಿ. ಈಗ ಒಂದು ಹೂ ಬೆಳೆಸಿದ್ರೆ ಅದು ಸರಿಹೋಗತ್ತಾ? ನನಗೆ ಬೇಕಾಗಿದ್ದು ಸೂಜಿಗೆ ದಾರ ಪೋಣಿಸೋಷ್ಟು ಬೆಳಕು."

ಬ್ಲೇಡು ಕಟ್ ಕಟ್ ಎಂದು ಓಡಿತು.

"ಆ ತಗಡು ನೀವು ರುಜು ಹಾಕಿದ ಕಾಗದದಲ್ಲಿತ್ತಾ?"

"ಇರಲಿಲ್ಲ. ಮಹಡಿ ಮಾತ್ರ."

"ತಗಡು ಇಲ್ದಿದ್ರೆ ಹತ್ತು ಗಂಟೆಗೆ ಬಿಸಿಲು ಈ ಕಿಟಕಿಗೆ ಬರತ್ತೆ. ಒಂದು ಗಂಟೆ ಇರತ್ತೆ. ತಗಡಿನ ನೆರಳಿಗೆ ಸೀಮೆಸುಣ್ಣದಲ್ಲಿ ಗೋಡೆ ಮೇಲೆ ಗೆರೆ ಹಾಕಿ ಲೆಕ್ಕ ಹಾಕಿದೀನಿ. ಮಹಡಿ ಕೆಡವಿ ಅಂತ ನಾನು ಹೇಳ್ತಿಲ್ಲ. ತಗಡು ಇಳಿಸಿಬನ್ನಿ. ನೀವೇ. ಅಲ್ಲಿ ತನಕ ನನ್ನ ಹತ್ತಿರ ಮಾತು ಬೇಡ."

ಅವಳು ಮಾತಿನಂತೆ ನಡೆದಳು. ತಟ್ಟೆ ಇಡುತ್ತಿದ್ದಳು, ಬಡಿಸುತ್ತಿದ್ದಳು, ಎದ್ದು ಹೋಗುತ್ತಿದ್ದಳು. ಮಾತಿಲ್ಲದ ಮನೆಯಲ್ಲಿ ಚಮಚ ಬಿದ್ದರೂ ಯಾರೋ ಬಂದರೆನ್ನಿಸುತ್ತಿತ್ತು. ಎರಡನೆಯ ದಿನ ಸಂಜೆ ಅವನು ತಮ್ಮನ ಮನೆಗೆ ಹೋದ. ತಮ್ಮ ಹೊಸ ಕುರ್ಚಿ ಎಳೆದು ಕೂರಿಸಿದ, ತಮ್ಮನ ಹೆಂಡತಿ ಕಾಫಿ ತಂದಿಟ್ಟಳು. "ಏನಣ್ಣ, ಅಪರೂಪ. ಸುಮ್ನೆ ಬಂದ್ಯಾ?" ಎಂದ ತಮ್ಮ. "ಹೂಂ, ಸುಮ್ನೆ," ಎಂದು ಅವನು ಕಾಫಿ ಕುಡಿದು, ಚೆನ್ನಾಗಿದೆ ಎಂದೂ ಹೇಳಿ, ಇಳಿದು ಬಂದ. ಮೆಟ್ಟಿಲಲ್ಲಿ ನಿಂತಾಗ ತನ್ನ ಮೇಲೆ ತನಗೇ ಹೇಸಿಗೆಯಾಗಿ ಬಾಯಿ ತೊಳೆಯಬೇಕೆನ್ನಿಸಿತು. ಬಾಗಿಲು ತೆರೆದ ಹೆಂಡತಿ ಅವನ ಮುಖ ನೋಡಿ, ಏನೂ ಕೇಳದೆ ಒಳಗೆ ನಡೆದಳು, ಅವಳಿಗೆ ಕೇಳಬೇಕಾಗಿರಲಿಲ್ಲ. ಕ್ಲಿನಿಕ್ಕಿನಲ್ಲಿ ಅವನು ಆ ವಾರ ನಾಲ್ಕು ಸೆಟ್ಟು ಮುಗಿಸಿದ. ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಕಚ್ಚು ಸರಿಯಾಗಿ ಕೂರುವವರೆಗೂ ತೆಗೆದು, ತಿದ್ದಿ, ಮತ್ತೆ ಇಟ್ಟು ನೋಡುವುದು ಅವನ ಪದ್ಧತಿ. ಕೂದಲೆಳೆಯಷ್ಟು ಎತ್ತರವಾದರೂ ಬಿಡುತ್ತಿರಲಿಲ್ಲ, ಯಾಕೆಂದರೆ ಆ ಕೂದಲೆಳೆ ಬಾಯೊಳಗೆ ಹೋದರೆ ಕಲ್ಲು. ಮೇಣದ ವಸಡಿಗೆ ಉಗುರಿನಲ್ಲಿ ಹೊಳಪು ಕೊಡುತ್ತ ಅವನು ಯೋಚಿಸಿದ: ಬೇರೆಯವರ ಬಾಯಿಗೆ ಇಷ್ಟು ಹಟ ಹಿಡಿಯುವವನು, ತನ್ನ ಬಾಯಿಯ ವಿಷಯಕ್ಕೆ ಬಂದರೆ? ಹೇಳಬೇಕಾದ ಮಾತು ಎರಡೇ. ತಗಡು ತೆಗಿ. ಅವನು ಅದನ್ನು ಪಿಸುಗುಟ್ಟಿದ. ನಂತರ ಗಟ್ಟಿಯಾಗಿ ಹೇಳಿದ. "ಏನಂದ್ರಿ ಮೇಸ್ತ್ರಿ?" ಎಂದು ಮುಂದಿನ ಕೋಣೆಯಿಂದ ದನಿ ಬಂತು. "ನಿಮಗಲ್ಲ," ಎಂದ ಅವನು, ಮತ್ತು ನಗಲಿಲ್ಲ.

ಐದನೆಯ ದಿನ ಮಧ್ಯಾಹ್ನ ಆ ಬೇಸಿಗೆಯ ಮೊದಲ ಮಳೆ ಬಂತು, ಅರ್ಧ ಗಂಟೆ, ಧೂಳಡಗುವಷ್ಟು. ಏಳನೆಯ ದಿನ ಕ್ಲಿನಿಕ್ಕಿಗೆ ರಜೆ. ಅವನು ಎದ್ದವನೇ ಮುಖ ತೊಳೆದು, ಗಡ್ಡ ಹೆರೆದುಕೊಂಡು, ಹಿತ್ತಲಿಗೆ ಹೋಗದೆ, ಆ ಪಾತಿಯ ಕಡೆ ಕಣ್ಣು ಕೂಡ ಹಾಯಿಸದೆ, ಬೀದಿ ಬಾಗಿಲಿನಿಂದ ಹೊರಟ. ಎರಡು ವರ್ಷದಲ್ಲಿ ಹಾಗೆ ಹೊರಟದ್ದು ಅದೇ ಮೊದಲು. ಆ ಮನೆಯ ತಾರಸಿಯ ಮೇಲೆ, ನೀರಿನ ತೊಟ್ಟಿಯ ಕೊಳವೆ ಬಿಚ್ಚಿ ತೊಳೆಯುವುದಕ್ಕೆಂದು ಸ್ಪ್ಯಾನರು, ಉಪಕರಣಗಳನ್ನೆಲ್ಲ ಹರಡಿಕೊಂಡು ತಮ್ಮ ಕೂತಿದ್ದ. ಮೆಟ್ಟಿಲು ಹತ್ತಿ ಬಂದ ಅಣ್ಣನನ್ನು ನೋಡಿ ಎದ್ದ.

"ಬಾ ಅಣ್ಣ, ಕೆಳಗೆ ಹೋಗೋಣ, ಕಾಫಿ..."

"ಕಾಫಿ ಬೇಡ. ಈ ತಗಡು ತೆಗಿ."

ತಮ್ಮನಿಗೆ ಮೊದಲು ಕೇಳಿಸಲಿಲ್ಲವೇನೋ ಎನ್ನುವಂತಿತ್ತು ಅವನ ಮುಖ. "ಯಾವ ತಗಡು?"

"ಇದೇ. ನಮ್ಮ ಕಡೆಯದು."

"ಇದನ್ನ ತೆಗೆದ್ರೆ ನಿಮ್ಮ ಹಿತ್ತಲೆಲ್ಲ ಇಲ್ಲಿಂದ ಕಾಣತ್ತೆ ಅಣ್ಣ. ನಿಮಗೇ ಮುಜುಗರ ಅಂತ ಹಾಕಿಸಿದ್ದು."

"ಕಾಣ್ಲಿ."

ತಮ್ಮ ಕೈ ಒರೆಸಿಕೊಂಡ. ದನಿಯಲ್ಲಿ ಜಾಣತನ ಬಂತು. "ಅತ್ತಿಗೆ ಕಳಿಸಿದ್ರಾ?"

ಅಲ್ಲಿ ಒಂದು ಬಾಗಿಲು ತೆರೆದಿತ್ತು. ಏನು ಮಾಡೋದಪ್ಪ, ಹೆಂಗಸರು, ನಿನಗೆ ಗೊತ್ತಲ್ಲ ಎಂದು ಅದರೊಳಗೆ ನುಸುಳಿದ್ದರೆ ಇಬ್ಬರೂ ನಕ್ಕು, ಕಾಫಿಗೆ ಇಳಿಯಬಹುದಿತ್ತು. "ಕಳಿಸಿದ್ದು ಅವಳು," ಎಂದ. "ಬಂದಿದ್ದು ನಾನು."

"ನೀನೇ ಅಲ್ವೇನಣ್ಣ ರುಜು ಹಾಕಿದ್ದು?"

"ಮಹಡಿಗೆ ಹಾಕಿದ್ದೆ. ಅದು ನನ್ನ ತಪ್ಪು, ನಾನು ಅನುಭವಿಸ್ತೀನಿ. ತಗಡಿಗೆ ಹಾಕಿಲ್ಲ."

"ಆಯ್ತು ಬಿಡು, ಮುಂದಿನ ವಾರ ಜನ ಕರೆಸಿ ನೋಡೋಣ."

"ಇವತ್ತು."

ತಮ್ಮನ ಮುಖ ಚಿಕ್ಕದಾಯಿತು. ಅದರಲ್ಲಿ ಕೋಪಕ್ಕಿಂತ ನೋವಿತ್ತು, ಮತ್ತು ಅದನ್ನು ನೋಡಲು ಅವನಿಗೆ ಕಷ್ಟವಾಯಿತು. ಈ ಮುಖಕ್ಕೆ ನೋವಾಗದಿರಲೆಂದೇ ಬಾಲ್ಯದಿಂದ ಎಷ್ಟೋ ಆಟದ ಸಾಮಾನು, ಎಷ್ಟೋ ಮಾತು ಬಿಟ್ಟುಕೊಟ್ಟಿದ್ದ. "ನೀನು ಯಾವತ್ತೂ ನನಗೆ ಇಲ್ಲ ಅಂದವನಲ್ಲ," ಎಂದ ತಮ್ಮ.

"ಹೌದು. ಅದರಿಂದ ನಿನಗೂ ಒಳ್ಳೇದಾಗಲಿಲ್ಲ."

ತಮ್ಮ ತಿರುಗಿ, ತೊಟ್ಟಿಯ ಮುಚ್ಚಳ ತೆಗೆದು ಒಳಗೆ ಇಣುಕಿದ. ಅಣ್ಣ ತಗಡಿನ ಹತ್ತಿರ ಹೋದ. ಎರಡು ಹಾಳೆ ಸೇರುವಲ್ಲಿ ಬೆರಳಗಲದ ಸಂದಿಯಿತ್ತು. ಅದಕ್ಕೆ ಕಣ್ಣಿಟ್ಟ. ತನ್ನ ಹಿತ್ತಲನ್ನು ಅವನು ಎಂದೂ ಮೇಲಿನಿಂದ ನೋಡಿರಲಿಲ್ಲ. ಎಷ್ಟು ಸಣ್ಣದು ಅದು. ಬಾವಿಯ ತಳದ ಹಾಗೆ. ತೊಳೆಯುವ ಕಲ್ಲು, ಬಕೆಟ್ಟು, ಬಿಳಿ ದವಡೆಗಳ ವೃತ್ತ. ವೃತ್ತದ ನಡುವೆ ಕಪ್ಪು ಮಣ್ಣಿನ ಮೇಲೆ ಏನೋ ತಿಳಿ ಬಣ್ಣದ್ದು ಬಿದ್ದಿತ್ತು. ಕತ್ತರಿಸಿ ಉಳಿದ ಬಟ್ಟೆ ಚೂರು ಗಾಳಿಗೆ ಹಾರಿಬಂದಿರಬೇಕೆಂದುಕೊಂಡ. ಹೆಂಡತಿ ಹಿತ್ತಲ ಬಾಗಿಲಿನಿಂದ ಹೊರಬಂದಳು. ಮೇಲೆ ನೋಡಲಿಲ್ಲ. ಬಕೆಟ್ಟಿಗೆ ಕೈ ಹಾಕಿದವಳು ನಿಂತಳು. ಪಾತಿಯ ಹತ್ತಿರ ಹೋಗಿ, ಮೊಣಕಾಲೂರಿ, ಎರಡೂ ಅಂಗೈಗಳನ್ನು ದವಡೆಗಳ ಮೇಲಿಟ್ಟು, ಮುಖವನ್ನು ನೆಲದವರೆಗೂ ಬಗ್ಗಿಸಿದಳು. ವಾಸನೆ ನೋಡುತ್ತಿದ್ದಳು. ಚಪ್ಪಲಿ ಕೂಡ ಇಲ್ಲದ ಅವಳ ಹಿಮ್ಮಡಿಗಳು ಕಾಣುತ್ತಿದ್ದವು. ಬಹಳ ಹೊತ್ತು ಹಾಗೇ ಇದ್ದಳು. ಅಲ್ಲಿ ಒಂದಲ್ಲ, ಎರಡು ಹೂಗಳಿದ್ದವು, ಬಿಳಿಯ ಮೇಲೆ ನೇರಳೆ, ಒಂದೂ ಎಲೆಯಿಲ್ಲದೆ, ನೇರ ಮಣ್ಣಿನಿಂದ ಎದ್ದವು. ಅವಳು ಕೀಳಲಿಲ್ಲ. ಅವನು ಕೂಗಲಿಲ್ಲ. ಕೂಗಿ ಹೇಳುವಂಥದ್ದು ಅವನ ಬಳಿ ಇನ್ನೂ ಇರಲಿಲ್ಲ.

"ಏನು ನೋಡ್ತಿದೀಯ ಅಣ್ಣ?" ಎಂದ ತಮ್ಮ ಹಿಂದಿನಿಂದ.

"ಏನಿಲ್ಲ. ಆ ಸ್ಪ್ಯಾನರ್ ಕೊಡು."

ತಮ್ಮ ಕೊಡಲಿಲ್ಲ; ನೋಡುತ್ತ ನಿಂತ. ಅಣ್ಣನೇ ಬಗ್ಗಿ, ನೆಲದ ಮೇಲೆ ಹರಡಿದ್ದವುಗಳಲ್ಲಿ ಸರಿಯಾದ ಅಳತೆಯದನ್ನು ಕೈಗೆತ್ತಿಕೊಂಡು, ಮೂಲೆಯ ಮೊದಲ ಬೋಲ್ಟಿಗೆ ಹಾಕಿದ. ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಮೈಭಾರವನ್ನೆಲ್ಲ ಬಿಟ್ಟು ಒತ್ತಿದ. ಜಗ್ಗಲಿಲ್ಲ. ಅಂಗೈ ಒರೆಸಿಕೊಂಡು, ಕಾಲು ಅಗಲಿಸಿ, ಹಿಡಿ ಬದಲಿಸಿ ಮತ್ತೆ ಒತ್ತಿದ.